ಜರಿ ಕಚ್ಚಿದ ಚಾರ್ಟಿಗೆ ಈ ಪುಸ್ತಕ ಸಾಕಾ? ಐಸಿಡಿ-10-ಸಿಎಂ ಬಳಸಿದ ಮೇಲೆ ನನಗೆ ಅನಿಸಿದ್ದು

ನಾನು ಮೆಡಿಕಲ್ ಕೋಡರ್. ಅಮೆರಿಕದ ಎಮರ್ಜೆನ್ಸಿ ವಿಭಾಗಗಳ ಚಾರ್ಟು, ಅಂದರೆ ರೋಗಿಯ ಚಿಕಿತ್ಸೆಯ ದಾಖಲೆ ಓದಿ, ಡಾಕ್ಟರ್ ಬರೆದದ್ದಕ್ಕೆ ಕೋಡ್ ಹಾಕುವುದು ನನ್ನ ಕೆಲಸ. ಒಂಬತ್ತು ವರ್ಷದಿಂದ ದಿನವೂ ಕೈಯಲ್ಲಿ ಹಿಡಿಯುವ ಸಲಕರಣೆ ಒಂದೇ, ಐಸಿಡಿ-10-ಸಿಎಂ, ಅಂದರೆ ಅಮೆರಿಕದಲ್ಲಿ ರೋಗಗಳಿಗೂ ಗಾಯಗಳಿಗೂ ಹಾಕುವ ಕೋಡುಗಳ ಪುಸ್ತಕ. ಮೊಬೈಲಿಗೆ, ಮಿಕ್ಸಿಗೆ, ಚಪ್ಪಲಿಗೆ ಎಲ್ಲ ಜನ ವಿಮರ್ಶೆ ಬರೆಯುತ್ತಾರೆ. ನಮ್ಮ ಕೆಲಸದ ಈ ಪುಸ್ತಕಕ್ಕೆ ಕನ್ನಡದಲ್ಲಿ ಯಾರೂ ಬರೆದಿದ್ದನ್ನು ನಾನು ನೋಡಿಲ್ಲ. ಅದಕ್ಕೇ ನಾನೇ ಕೂತೆ.

ಇಡೀ ಪುಸ್ತಕದ ಬಗ್ಗೆ ಹೇಳಲು ಹೋದರೆ ಮುಗಿಯುವುದಿಲ್ಲ. ಸುಮಾರು ಎಪ್ಪತ್ತು ಸಾವಿರ ಕೋಡುಗಳಿವೆ. ನಾನು ಒಂದೇ ಒಂದು ಮೂಲೆ ಹಿಡಿದುಕೊಳ್ಳುತ್ತೇನೆ: ಟಿ63.41, ಅಂದರೆ ಜರಿ ಮತ್ತು ವಿಷದ ಸಹಸ್ರಪದಿಯಿಂದ ಆದ ತೊಂದರೆ. ಒಂದು ಅಗುಳು ಹಿಚುಕಿ ನೋಡಿದರೆ ಅನ್ನ ಬೆಂದಿದೆಯಾ ಅಂತ ಗೊತ್ತಾಗುತ್ತದೆ ಅಲ್ವಾ, ಹಾಗೆ. ಈ ಮೂಲೆಯಲ್ಲೇ ಪುಸ್ತಕದ ಒಳ್ಳೆಯದೂ ಇದೆ, ಕೊರತೆಯೂ ಇದೆ.

ಮೊದಲು ವಸ್ತುವಿನ ಪರಿಚಯ. ಇದನ್ನು ಸಿದ್ಧಪಡಿಸುವುದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯ ಒಳಗಿನ ಎನ್‌ಸಿಎಚ್‌ಎಸ್ ಎಂಬ ಆರೋಗ್ಯ ಅಂಕಿಅಂಶ ಕೇಂದ್ರ. 2015ರ ಅಕ್ಟೋಬರ್ 1ರಂದು ಅಲ್ಲಿ ಹಳೆಯ ಐಸಿಡಿ-9-ಸಿಎಂ ಹೋಗಿ ಇದು ಬಂತು. ಪ್ರತಿ ವರ್ಷ ಅಕ್ಟೋಬರ್ 1ಕ್ಕೆ ಹೊಸ ಆವೃತ್ತಿ. ಕೋಡ್ ಪಟ್ಟಿ, ಅಕಾರಾದಿ ಸೂಚಿ, ಔಷಧ ಮತ್ತು ರಾಸಾಯನಿಕಗಳ ಟೇಬಲ್, ಕೋಡ್ ಹಾಕುವ ನಿಯಮಗಳಿರುವ ಗೈಡ್‌ಲೈನ್ಸ್, ಎಲ್ಲವೂ ಪಿಡಿಎಫ್ ರೂಪದಲ್ಲಿ ಉಚಿತ. ಖಾಸಗಿ ಪ್ರಕಾಶಕರು ಇದನ್ನೇ ಬಣ್ಣ ಹಾಕಿ, ಟ್ಯಾಬ್ ಅಂಟಿಸಿ ಮಾರುತ್ತಾರೆ. ಪರೀಕ್ಷೆ ಬರೆಯುವವರಿಗೆ ಅಚ್ಚಾದ ಪುಸ್ತಕ ಬೇಕಾಗಬಹುದು. ದಿನದ ಕೆಲಸಕ್ಕೆ ನನಗೆ ಪಿಡಿಎಫ್ ಸಾಕು.

ಈಗ ಹುಳುಗಳ ವಿಷಯಕ್ಕೆ. ಇದನ್ನು ತಿಳಿಯದೆ ಟಿ63.41ರ ಬೆಲೆ ತಿಳಿಯುವುದಿಲ್ಲ.

ಜರಿಗೆ ದೇಹದ ಒಂದೊಂದು ಕಟ್ಟಿಗೂ (ಉಂಗುರದಂಥ ಭಾಗಕ್ಕೂ) ಒಂದೊಂದು ಜೊತೆ ಕಾಲು. ಅದರ ಮೊದಲ ಜೊತೆ ಕಾಲುಗಳೇ ವಿಷದ ಕೊಕ್ಕೆಗಳಾಗಿ ಬದಲಾಗಿವೆ. ನಾವು ಕಚ್ಚಿತು ಅನ್ನುತ್ತೇವೆ, ಆದರೆ ಅದು ಚುಚ್ಚುವುದು ಬಾಯಿಯಿಂದಲ್ಲ, ಆ ಕೊಕ್ಕೆಗಳಿಂದ. ಅದಕ್ಕೇ ಚರ್ಮದ ಮೇಲೆ ಎರಡು ತೂತುಗಳು ಅಕ್ಕಪಕ್ಕ ಕಾಣುತ್ತವೆ. ನೋವು ಭಯಂಕರ. ಊತ, ಕೆಂಪು, ಕೆಲವೊಮ್ಮೆ ಹತ್ತಿರದ ದುಗ್ಧ ಗ್ರಂಥಿಗಳ ಬಾವು. ಅಮೆರಿಕದ ದಕ್ಷಿಣ ಭಾಗದಲ್ಲಿ ಸ್ಕೊಲೊಪೆಂಡ್ರಾ ಹೀರೋಸ್ ಎಂಬ ದೊಡ್ಡ ಜರಿ ಇದೆ. ಹವಾಯಿಯಲ್ಲಿ ಸ್ಕೊಲೊಪೆಂಡ್ರಾ ಸಬ್‌ಸ್ಪಿನಿಪೆಸ್ ಇದೆ. ಇದಕ್ಕೆ ಹಾವಿನ ವಿಷಕ್ಕಿರುವಂಥ ಪ್ರತಿವಿಷ ಇಲ್ಲ. ಬಿಸಿನೀರಿನಲ್ಲಿ ಅದ್ದುವುದು, ನೋವಿನ ಮಾತ್ರೆ, ಬೇಕಾದರೆ ಮರಗಟ್ಟಿಸುವ ಇಂಜೆಕ್ಷನ್, ಟೆಟನಸ್ ಲಸಿಕೆಯ ಲೆಕ್ಕ ನೋಡುವುದು. ಚಾರ್ಟಿನಲ್ಲಿ ಹೆಚ್ಚಾಗಿ ಇಷ್ಟೇ ಇರುತ್ತದೆ.

ಸಹಸ್ರಪದಿ ಬೇರೆಯೇ ಜೀವಿ. ಅದರ ಹೆಚ್ಚಿನ ಕಟ್ಟುಗಳಿಗೆ ಎರಡೆರಡು ಜೊತೆ ಕಾಲು. ಅದು ಕಚ್ಚುವುದೂ ಇಲ್ಲ, ಚುಚ್ಚುವುದೂ ಇಲ್ಲ. ಮುಟ್ಟಿದರೆ ಸುರುಳಿ ಸುತ್ತಿಕೊಂಡು ಪಕ್ಕದ ರಂಧ್ರಗಳಿಂದ ರಸ ಬಿಡುತ್ತದೆ. ಹಲವು ಜಾತಿಗಳ ರಸದಲ್ಲಿ ಬೆಂಜೊಕ್ವಿನೋನ್ ಎಂಬ ರಾಸಾಯನಿಕ ಇರುತ್ತದೆ. ಅದು ತಗುಲಿದ ಚರ್ಮ ಕಂದು, ಕೆಲವೊಮ್ಮೆ ನೇರಳೆ ಕಪ್ಪು ಬಣ್ಣಕ್ಕೆ ತಿರುಗುತ್ತದೆ. ಉರಿಯುತ್ತದೆ, ಗುಳ್ಳೆ ಏಳಬಹುದು. ಕಣ್ಣಿಗೆ ಬಿದ್ದರೆ ಇನ್ನೂ ಕಷ್ಟ.

ಒಂದು ಚುಚ್ಚುವುದು, ಇನ್ನೊಂದು ಸುಡುವುದು. ಎರಡಕ್ಕೂ ಪುಸ್ತಕ ಕೊಟ್ಟಿರುವುದು ಒಂದೇ ಕೋಡ್. ಇದು ಹೊಸದಾಗಿ ಬಂದದ್ದೂ ಅಲ್ಲ. ಐಸಿಡಿ-9-ಸಿಎಂನಲ್ಲಿಯೂ ಇ905.4 ಅಂತ ಎರಡನ್ನೂ ಒಟ್ಟಿಗೆ ಕಟ್ಟಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಮೂಲ ಐಸಿಡಿ-10ರಲ್ಲಿ ಎಕ್ಸ್24 ಅಂತ ಇದೆ, ಅಲ್ಲಿಯೂ ಜೊತೆಯಾಗಿಯೇ.

ಈ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಎರಡನೇ ವರ್ಷದ ಕೆಲಸ. ರೋಗಿಯ ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಒಂದು ಮಗು, ಬಲಗಾಲಿನ ಬೆರಳುಗಳು ಕಂದು ನೇರಳೆ ಬಣ್ಣ, ಶೂ ಒಳಗೆ ಜಜ್ಜಿಹೋದ ಸಹಸ್ರಪದಿ. ಡಾಕ್ಟರ್ ಬರೆದದ್ದು: ಸಹಸ್ರಪದಿಯ ರಸದಿಂದ ರಾಸಾಯನಿಕ ಸುಟ್ಟಗಾಯ, ಫಸ್ಟ್ ಡಿಗ್ರಿ, ಬಲಗಾಲಿನ ಬೆರಳುಗಳು. ಎಷ್ಟು ಸ್ಪಷ್ಟ! ನಾನು ಆಗ ಬಳಸುತ್ತಿದ್ದ, ಕೋಡ್ ಹುಡುಕಿಕೊಡುವ ದುಡ್ಡಿನ ಎನ್‌ಕೋಡರ್ ಸಾಫ್ಟ್‌ವೇರ್‌ನಲ್ಲಿ ಸಹಸ್ರಪದಿ ಅಂತ ಟೈಪ್ ಮಾಡಿದೆ. ಡಬ್ಲ್ಯೂ57 ತೋರಿಸಿತು. ವಿಷವಿಲ್ಲದ ಕೀಟ ಮತ್ತು ಅಂಥ ಜೀವಿಗಳು ಕಚ್ಚಿದ್ದಕ್ಕೆ ಇರುವ ಕೋಡ್ ಅದು. ನನಗೂ ಸರಿ ಅನಿಸಿತು. ಸಹಸ್ರಪದಿ ಕಚ್ಚುವುದಿಲ್ಲ, ಅದಕ್ಕೆ ವಿಷದ ಕೊಕ್ಕೆ ಇಲ್ಲ, ಹಾಗಾದರೆ ವಿಷಜಂತುಗಳ ವರ್ಗವಾದ ಟಿ63 ಹೇಗೆ ಬರುತ್ತದೆ ಅಂತ ನನ್ನ ತರ್ಕ. ಬಲಗಾಲ ಬೆರಳಿನ ಫಸ್ಟ್ ಡಿಗ್ರಿ ರಾಸಾಯನಿಕ ಸುಟ್ಟಗಾಯಕ್ಕೆ ಟಿ25.531ಎ ಹಾಕಿ, ಜೊತೆಗೆ ಡಬ್ಲ್ಯೂ57 ಸೇರಿಸಿ ಕಳಿಸಿದೆ.

ಆಡಿಟ್‌ನಿಂದ ವಾಪಸ್ ಬಂತು. ಆಡಿಟರ್ ಬರೆದದ್ದು ಎರಡೇ ಸಾಲು. ಟಿ63ರ ತಲೆಯ ಕೆಳಗಿನ ಟಿಪ್ಪಣಿ ಓದಿ. ಟಿ25.5ರ ಕೆಳಗಿನ ಟಿಪ್ಪಣಿ ಓದಿ.

ಓದಿದೆ. ಟಿ63ರ ಕೆಳಗೆ, ಇದರಲ್ಲಿ ಏನೇನು ಸೇರುತ್ತದೆ ಅನ್ನುವ ಕಡೆ, ವಿಷಜಂತು ಕಚ್ಚಿದ್ದು ಅಥವಾ ತಾಗಿದ್ದು ಅಂತ ಸ್ಪಷ್ಟವಾಗಿದೆ. ತಾಗಿದ್ದು! ಆ ಒಂದು ಪದದಲ್ಲಿ ನನ್ನ ತರ್ಕ ಪೂರ್ತಿ ಬಿದ್ದುಹೋಯಿತು. ಟಿ25.5ರ ಕೆಳಗೆ ಇನ್ನೊಂದು ಸಾಲು ಇದೆ. ರಾಸಾಯನಿಕ ಯಾವುದು, ಉದ್ದೇಶ ಏನು ಅಂತ ತಿಳಿಸುವ ಟಿ51ರಿಂದ ಟಿ65ರ ಕೋಡನ್ನು ಮೊದಲು ಹಾಕಿ ಅನ್ನುತ್ತದೆ. ಅಂದರೆ ಸರಿಯಾದ ಉತ್ತರ ಮೊದಲು ಟಿ63.411ಎ, ಆಮೇಲೆ ಟಿ25.531ಎ. ಎರಡು ಪುಟ, ಎರಡು ಸಾಲು. ಉತ್ತರ ಪುಸ್ತಕದಲ್ಲಿ ಪೂರ್ತಿಯಾಗಿ ಇತ್ತು. ನಾನು ಪುಸ್ತಕ ತೆರೆದೇ ಇರಲಿಲ್ಲ, ಹುಡುಕುವ ಪೆಟ್ಟಿಗೆಯನ್ನು ಮಾತ್ರ ನೋಡಿದ್ದೆ.

ಆ ದಿನದಿಂದ ಈ ಪುಸ್ತಕದ ಮೇಲೆ ನನಗೆ ನಿಜವಾದ ಗೌರವ ಬಂತು. ಇದರ ದೊಡ್ಡ ಗುಣ ಕೋಡಿನಲ್ಲಿ ಇಲ್ಲ, ಕೋಡಿನ ಮೇಲೆ ಸಣ್ಣ ಅಕ್ಷರದಲ್ಲಿ ಇರುವ ಟಿಪ್ಪಣಿಗಳಲ್ಲಿದೆ. ಎನ್‌ಕೋಡರ್‌ಗಳು ಈ ಟಿಪ್ಪಣಿಗಳನ್ನು ಒಂದು ಬಟನ್ ಹಿಂದೆ ಅಡಗಿಸಿ ಇಡುತ್ತವೆ. ಪಿಡಿಎಫ್‌ನಲ್ಲಿ ಅವು ಕಣ್ಣೆದುರೇ ಇರುತ್ತವೆ.

ಆ ಮಗುವಿನ ಚಾರ್ಟು ನನ್ನ ಮನಸ್ಸಿನಲ್ಲಿ ಉಳಿಯಲು ಇನ್ನೊಂದು ಕಾರಣ ಇದೆ. ಸಹಸ್ರಪದಿಯ ಕಲೆ ನೋಡಲು ಏಟು ಬಿದ್ದ ಗುರುತಿನ ಹಾಗೆ ಇರುತ್ತದೆ. ಮಕ್ಕಳ ಮೈಮೇಲೆ ಇಂಥ ಕಲೆ ಕಂಡು, ಯಾರೋ ಹೊಡೆದಿರಬೇಕು ಅಂತ ಅನುಮಾನ ಬಂದ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಬೆರಳಿಗೆ ರಕ್ತ ಹೋಗುತ್ತಿಲ್ಲ ಅಂತ ಗಾಬರಿಯಾದದ್ದೂ ಇದೆ. ಈಗ ಟಿ63.41ರ ಆರನೇ ಸ್ಥಾನ ನೋಡಿ. 1 ಅಂದರೆ ಆಕಸ್ಮಿಕ. 2 ಅಂದರೆ ತಾನೇ ಮಾಡಿಕೊಂಡದ್ದು. 3 ಅಂದರೆ ಹಲ್ಲೆ. 4 ಅಂದರೆ ನಿರ್ಧರಿಸಲಾಗದ್ದು. ಒಂದು ಅಂಕಿ ತಪ್ಪಿದರೆ, ಮನೆಯವರು ಮಗುವಿಗೆ ಏನೋ ಮಾಡಿದರು ಅಂತ ದಾಖಲೆ ಹೇಳುತ್ತದೆ. ಕೋಡಿಂಗ್ ಅಂದರೆ ಸುಮ್ನೆ ಬಿಲ್ ಮಾಡುವುದು ಅನ್ನುವವರಿಗೆ ನಾನು ಈ ಒಂದು ಅಂಕಿ ತೋರಿಸುತ್ತೇನೆ.

ಇಲ್ಲಿಯೂ ಪುಸ್ತಕ ಗೊಂದಲ ಬಿಟ್ಟಿಲ್ಲ. ಉದ್ದೇಶ ಏನೆಂದು ಬರೆದಿಲ್ಲದಿದ್ದರೆ ಆಕಸ್ಮಿಕ ಅಂತಲೇ ತೆಗೆದುಕೊಳ್ಳಿ ಅನ್ನುತ್ತದೆ. 4 ಹಾಕಬೇಕಾದರೆ, ಉದ್ದೇಶ ನಿರ್ಧರಿಸಲು ಆಗುತ್ತಿಲ್ಲ ಅಂತ ಚಾರ್ಟಿನಲ್ಲಿ ಡಾಕ್ಟರ್ ಬರೆದಿರಲೇಬೇಕು. ಬರೆದಿಲ್ಲ ಅನ್ನುವುದೂ, ನಿರ್ಧರಿಸಲಾಗದು ಅನ್ನುವುದೂ ಬೇರೆ ಬೇರೆ. ಹೊಸಬರು ಇಲ್ಲೇ ಜಾಸ್ತಿ ಎಡವುತ್ತಾರೆ.

ಏಳನೇ ಅಕ್ಷರದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಗಾಯದ ಕೋಡುಗಳಲ್ಲಿ ಎಲ್ಲ ಕಡೆ ಇರುವುದೇ. ಎ, ಡಿ, ಎಸ್. ಒಂದು ಮಾತು ಮಾತ್ರ ನೆನಪಿಡಿ. ಎ ಅಂದರೆ ಮೊದಲ ಭೇಟಿ ಅಂತ ಅರ್ಥವಲ್ಲ, ಗಾಯಕ್ಕೆ ಚಿಕಿತ್ಸೆ ನಡೆಯುತ್ತಿರುವ ಹಂತ ಅಂತ. ಎಮರ್ಜೆನ್ಸಿಯಿಂದ ಬೇರೆ ಡಾಕ್ಟರ್ ಹತ್ತಿರ ಕಳಿಸಿ ಅಲ್ಲಿ ಚಿಕಿತ್ಸೆ ಮುಂದುವರಿದರೂ ಎ ಇರುತ್ತದೆ. ವಾಸಿಯಾಗುತ್ತಿದೆಯಾ ಅಂತ ನೋಡಲು ಬಂದರೆ ಡಿ. ಹಳೆಯ ಗಾಯದಿಂದ ಉಳಿದುಹೋದ ತೊಂದರೆಗೆ ಎಸ್. ಟಿ63.411ಕ್ಕೆ ಆಗಲೇ ಆರು ಸ್ಥಾನ ತುಂಬಿರುವುದರಿಂದ ನಡುವಿನ ಖಾಲಿ ಸ್ಥಾನಗಳಿಗೆ ಎಕ್ಸ್ ಅಕ್ಷರ ತುಂಬುವ ತಲೆನೋವು ಇಲ್ಲ.

ಔಷಧ ಮತ್ತು ರಾಸಾಯನಿಕಗಳ ಟೇಬಲ್ ನನಗೆ ತುಂಬಾ ಇಷ್ಟ. ವೆನಮ್ ಅನ್ನುವ ಪದದ ಕೆಳಗೆ ಹೋದರೆ ಇರುವೆ, ಜೇನು, ಜರಿ, ಮೀನು ಅಂತ ಸಾಲಾಗಿ ಸಿಗುತ್ತವೆ. ಎದುರಿಗೆ ನಾಲ್ಕು ಉದ್ದೇಶದ ನಾಲ್ಕು ಕೋಡ್. ಸಹಸ್ರಪದಿಯ ಮುಂದೆ ಆವರಣದಲ್ಲಿ ಟ್ರಾಪಿಕಲ್ ಅಂತ ಇರುತ್ತದೆ. ಉಷ್ಣವಲಯದ ಹುಳುವಾದರೆ ಮಾತ್ರ ಈ ಕೋಡ್ ಅಂತ ಒಬ್ಬ ಹೊಸ ಹುಡುಗ ನನ್ನ ಹತ್ತಿರ ವಾದ ಮಾಡಿದ್ದ. ಹಾಗಲ್ಲ. ಈ ಪುಸ್ತಕದ ಸೂಚಿಯಲ್ಲಿ ಆವರಣದೊಳಗಿನ ಪದ ಇದ್ದರೂ ಇರದಿದ್ದರೂ ಕೋಡ್ ಬದಲಾಗುವುದಿಲ್ಲ. ಪುಸ್ತಕದ ಆರಂಭದ ಪುಟಗಳಲ್ಲೇ ಅದು ಇದೆ. ಆ ಪುಟಗಳನ್ನು ಯಾರೂ ಓದುವುದಿಲ್ಲ ಅನ್ನುವುದು ನನ್ನ ನೋವು. ಟೇಬಲ್‌ನಿಂದ ನೇರ ಕೋಡ್ ಎತ್ತಿಕೊಂಡು ಹೋಗಬೇಡಿ ಅಂತಲೂ ಗೈಡ್‌ಲೈನ್ಸ್ ಹೇಳುತ್ತದೆ. ಕೋಡ್ ಪಟ್ಟಿಗೆ ಹೋಗಿ ಪಕ್ಕಾ ಮಾಡಿಕೊಳ್ಳಲೇಬೇಕು.

ಇನ್ನೊಂದು ಒಳ್ಳೆಯ ವಿಷಯ. ಟಿ63.411ರ ಒಳಗೇ ಕಾರಣವೂ ಉದ್ದೇಶವೂ ಇರುವುದರಿಂದ ಹೊರಗಿನ ಕಾರಣಕ್ಕೆ ಅಂತ ಮತ್ತೊಂದು ಕೋಡ್ ಬೇಡ. ಎಲ್ಲಿ ಆಯಿತು ಅನ್ನುವುದನ್ನು ಮಾತ್ರ ಸೇರಿಸಬಹುದು. ಒಂದೇ ಕುಟುಂಬದ ಖಾಸಗಿ ಮನೆಯ ಬಚ್ಚಲುಮನೆಗೆ ವೈ92.012, ಮಲಗುವ ಕೋಣೆಗೆ ವೈ92.013, ಅಂಗಳ ಅಥವಾ ತೋಟಕ್ಕೆ ವೈ92.017. ಜರಿ ಚಾರ್ಟುಗಳಲ್ಲಿ ನಾನು ಈ ಮೂರನ್ನೇ ಜಾಸ್ತಿ ಬಳಸಿದ್ದು. ಕತ್ತಲೆ, ತೇವ ಇರುವ ಕಡೆ ಅಲ್ವಾ ಅವು ಇರುವುದು. ತೋಟದ ಕೆಲಸ ಮಾಡುವಾಗ ಅಂತ ಬರೆದಿದ್ದರೆ ವೈ93.ಎಚ್2 ಕೂಡ ಹಾಕಬಹುದು.

ಈಗ ಕೊರತೆಗಳು. ಮೊದಲನೆಯದು, ಟಿ63.41ರಲ್ಲಿ ಎಡ ಬಲ ಇಲ್ಲ. ಕೈಯೋ ಕಾಲೋ ಅನ್ನುವುದೂ ಇಲ್ಲ. ವಿಷವಿಲ್ಲದ ಕೀಟ ಬಲಪಾದಕ್ಕೆ ಕಚ್ಚಿದರೆ ಎಸ್90.861 ಅಂತ ಅಚ್ಚುಕಟ್ಟಾದ ಕೋಡ್ ಇದೆ, ಎಡಪಾದಕ್ಕೆ ಎಸ್90.862. ಅಂದರೆ ಸೊಳ್ಳೆ ಕಚ್ಚಿದ ಪಾದ ಯಾವುದು ಅಂತ ಹೇಳಬಹುದು, ರಾತ್ರಿಯೆಲ್ಲ ನಿದ್ದೆ ಬಿಡಿಸಿದ ಜರಿ ಚುಚ್ಚಿದ ಪಾದ ಯಾವುದು ಅಂತ ಆ ಕೋಡ್ ಒಂದರಿಂದಲೇ ಹೇಳಲು ಆಗುವುದಿಲ್ಲ. ಪಾದದ ಗಾಯಗಳ ಭಾಗದ ಆರಂಭದಲ್ಲಿ, ವಿಷದ ಕೀಟ ಕಚ್ಚಿದ್ದು ಇಲ್ಲಿ ಸೇರಿಲ್ಲ ಅಂತ ಎಕ್ಸ್‌ಕ್ಲೂಡ್ಸ್2 ಟಿಪ್ಪಣಿ ಇದೆ. ಆ 2ರ ಅರ್ಥ, ಎರಡೂ ತೊಂದರೆ ಇದ್ದರೆ ಎರಡೂ ಕೋಡ್ ಹಾಕಬಹುದು ಅಂತ. ಆದರೆ ಡಾಕ್ಟರ್ ಬೇರೆ ಗಾಯ ಅಂತ ಬರೆದಿರಬೇಕು. ಬಾವು ಸೋಂಕಾಗಿ ಬಲಗಾಲಿಗೆ ಸೆಲ್ಯುಲೈಟಿಸ್ (ಚರ್ಮದ ಒಳಪದರದ ಸೋಂಕು) ಆದರೆ ಎಲ್03.115 ಬರುತ್ತದೆ, ಆಗ ಬಲ ಅನ್ನುವುದು ದಾಖಲೆಗೆ ಸೇರುತ್ತದೆ. ಸೋಂಕಾದ ಮೇಲೆ ಮಾತ್ರ ಯಾವ ಕಾಲು ಅಂತ ತಿಳಿಯುವುದು ಸರಿಯಾದ ವ್ಯವಸ್ಥೆ ಅಂತ ನನಗೆ ಅನಿಸುವುದಿಲ್ಲ.

ಎರಡನೆಯದು ಆಗಲೇ ಹೇಳಿದೆ, ಜರಿ ಮತ್ತು ಸಹಸ್ರಪದಿ ಒಂದೇ ಕೋಡಿನಲ್ಲಿ. ಮುಂದೆ ಯಾರಾದರೂ ಈ ಕೋಡ್ ಹಿಡಿದು ಲೆಕ್ಕ ಹಾಕಿದರೆ ಎಷ್ಟು ಜನರಿಗೆ ಚುಚ್ಚಿತು, ಎಷ್ಟು ಜನರಿಗೆ ಸುಟ್ಟಿತು ಅಂತ ಬಿಡಿಸಲು ಆಗುವುದಿಲ್ಲ. ಇರುವೆಗೆ ಟಿ63.42, ಕಂಬಳಿಹುಳುವಿಗೆ ಟಿ63.43, ಜೇನಿಗೆ ಟಿ63.44 ಅಂತ ಬೇರೆ ಬೇರೆ ಕೊಟ್ಟವರಿಗೆ ಇದೊಂದು ಬೇರೆ ಮಾಡುವುದು ಕಷ್ಟವೇನಲ್ಲ. ಕಣ್ಣಿಗೆ ರಸ ಸಿಡಿದ ರೋಗಿಯನ್ನು ನೆನೆಸಿಕೊಳ್ಳಿ. ಬಲಗಣ್ಣಿನ ಕಾರ್ನಿಯಾ ಸುಟ್ಟಿದ್ದಕ್ಕೆ ಟಿ26.61 ಇದೆ, ಒಪ್ಪಿದೆ. ಆದರೆ ಕಾರಣದ ಜಾಗದಲ್ಲಿ ಅವನಿಗೂ, ಬೂಟಿನೊಳಗೆ ಜರಿ ಚುಚ್ಚಿಸಿಕೊಂಡವನಿಗೂ ಒಂದೇ ಕೋಡ್.

ಮೂರನೆಯದು ಪುಸ್ತಕದ ತಪ್ಪಲ್ಲ, ಆದರೂ ಹೇಳಲೇಬೇಕು. ಪುಸ್ತಕ ಎಷ್ಟೇ ಚೆನ್ನಾಗಿರಲಿ, ಚಾರ್ಟು ಮೂಕವಾದರೆ ಏನೂ ಮಾಡಲು ಆಗುವುದಿಲ್ಲ. ರೋಗಿ ಹೇಳಿದ ಕಥೆಯಲ್ಲಿ ನರ್ಸ್ ಬರೆದಿರುತ್ತಾರೆ: ಹಾಸಿಗೆಯಲ್ಲಿ ಜರಿ ನೋಡಿದರು, ಕೊಂದರು. ಕೊನೆಯಲ್ಲಿ ಡಾಕ್ಟರ್ ಬರೆದಿರುತ್ತಾರೆ: ಕೀಟ ಕಡಿತ. ಅಷ್ಟೇ. ನರ್ಸ್ ಬರೆದದ್ದು ನೋಡಿ ನಾನೇ ರೋಗನಿರ್ಣಯ ಬದಲಿಸುವಂತಿಲ್ಲ. ಡಾಕ್ಟರಿಗೆ ಕ್ವೆರಿ ಕಳಿಸಬೇಕು. ಜರಿ ಅಂತ ಬರೆಯಿರಿ ಅಂತ ಕೇಳುವ ಹಾಗೂ ಇಲ್ಲ. ಚಾರ್ಟಿನಲ್ಲಿ ಇರುವುದನ್ನು ಎತ್ತಿ ತೋರಿಸಿ, ಯಾವ ಜೀವಿಯಿಂದ ಆಯಿತು, ವಿಷದ ಪರಿಣಾಮ ಇದೆಯಾ, ಸ್ಪಷ್ಟಪಡಿಸಲು ಆಗುತ್ತದೆಯಾ ಅಂತ ಕೇಳಬೇಕು.

ಇನ್ನು ಕೆಲವು ಡಾಕ್ಟರುಗಳು ಬಹುಶಃ ಜರಿ ಇರಬಹುದು ಅಂತ ಬರೆಯುತ್ತಾರೆ. ಎಮರ್ಜೆನ್ಸಿಯಿಂದ ಮನೆಗೆ ಹೋದ ರೋಗಿಯ ಚಾರ್ಟು ಹೊರರೋಗಿ ಲೆಕ್ಕಕ್ಕೆ ಬರುತ್ತದೆ. ಅಲ್ಲಿ ಬಹುಶಃ, ಇರಬಹುದು, ಅನುಮಾನ ಅಂತ ಬರೆದ ರೋಗನಿರ್ಣಯವನ್ನು ಖಚಿತ ಅನ್ನುವ ಹಾಗೆ ಕೋಡ್ ಮಾಡಬಾರದು ಅಂತ ಗೈಡ್‌ಲೈನ್ಸ್‌ನ ನಾಲ್ಕನೇ ಭಾಗ ಹೇಳುತ್ತದೆ. ಅದೇ ರೋಗಿ ದಾಖಲಾಗಿ, ಬಿಡುಗಡೆಯ ಹೊತ್ತಿನಲ್ಲಿಯೂ ಬಹುಶಃ ಅಂತಲೇ ಇದ್ದರೆ ಒಳರೋಗಿ ನಿಯಮದಲ್ಲಿ ಕೋಡ್ ಮಾಡಬಹುದು. ಒಂದೇ ಪದ, ರೋಗಿ ಮಲಗಿದ ಹಾಸಿಗೆಯ ಮೇಲೆ ಅರ್ಥ ಬದಲಾಗುತ್ತದೆ. ಇದನ್ನು ಗೈಡ್‌ಲೈನ್ಸ್ ಬೇರೆ ಬೇರೆ ಭಾಗಗಳಲ್ಲಿ ಬರೆದಿದೆ. ಅಕ್ಕಪಕ್ಕ ಇಟ್ಟಿದ್ದರೆ ಎಷ್ಟೋ ಜನರಿಗೆ ಅನುಕೂಲ ಆಗುತ್ತಿತ್ತು.

ಡಾಕ್ಟರುಗಳು, ನರ್ಸುಗಳು ಯಾರಾದರೂ ಇದನ್ನು ಓದುತ್ತಿದ್ದರೆ ನನ್ನ ಒಂದು ಕೋರಿಕೆ. ಯಾವ ಜೀವಿ, ಯಾರು ನೋಡಿದರು, ಚುಚ್ಚಿದ್ದೋ ತಾಗಿದ್ದೋ, ಎಡವೋ ಬಲವೋ, ಎರಡು ತೂತು ಕಾಣುತ್ತಿದೆಯಾ ಅಥವಾ ಬಣ್ಣ ಬದಲಾಗಿದೆಯಾ, ಆದದ್ದು ಎಲ್ಲಿ, ಟೆಟನಸ್ ಕೊಟ್ಟಿರಾ. ಎರಡು ಸಾಲಿನಲ್ಲಿ ಮುಗಿಯುತ್ತದೆ. ವಿಷದ ಪರಿಣಾಮ ಅಂತ ನಿಮಗೆ ಅನಿಸಿದರೆ ಆ ಮಾತನ್ನೂ ಬರೆಯಿರಿ. ಯಾವ ಸಹಸ್ರಪದಿ ವಿಷದ್ದು, ಯಾವುದು ಅಲ್ಲ ಅಂತ ಪುಸ್ತಕ ಪಟ್ಟಿ ಕೊಟ್ಟಿಲ್ಲ. ಕೋಡರ್ ತಾನಾಗಿ ತೀರ್ಮಾನ ಮಾಡುವ ವಿಷಯವೂ ಅದಲ್ಲ.

ಎನ್‌ಕೋಡರ್ ಕೊಳ್ಳಬೇಕಾ ಅಂತ ಹೊಸಬರು ಕೇಳುತ್ತಾರೆ. ವೇಗಕ್ಕೆ ಬೇಕು, ದಿನಕ್ಕೆ ನೂರಾರು ಚಾರ್ಟು ನೋಡುವವರಿಗೆ ಅದಿಲ್ಲದೆ ಆಗುವುದಿಲ್ಲ. ಆದರೆ ಮೊದಲ ಆರು ತಿಂಗಳು ಪಿಡಿಎಫ್ ಪಕ್ಕದಲ್ಲಿ ತೆರೆದಿಟ್ಟು ಕೆಲಸ ಮಾಡಿ. ಕೋಡ್ ಸಿಕ್ಕ ಕೂಡಲೇ ನಿಲ್ಲಬೇಡಿ. ಅಲ್ಲಿಂದ ಮೇಲಕ್ಕೆ ಹೋಗಿ, ಮೂರು ಅಕ್ಷರದ ವರ್ಗದ ತಲೆಯವರೆಗೆ, ಆಮೇಲೆ ಆ ಭಾಗದ ತಲೆಯವರೆಗೆ ಓದಿ. ಟಿ63ರ ಮಟ್ಟಿಗೆ ಅಂದರೆ ಟಿ51ರಿಂದ ಟಿ65ರ ಭಾಗದ ಆರಂಭದವರೆಗೆ. ಉದ್ದೇಶದ ನಿಯಮ ಇರುವುದು ಅಲ್ಲೇ, ಟಿ63ರ ಪುಟದಲ್ಲಿ ಅಲ್ಲ.

ಅಂಕ ಕೊಡಬೇಕಾದರೆ ಐದಕ್ಕೆ ನಾಲ್ಕು. ಉಚಿತವಾಗಿ ಸಿಗುವ, ಪ್ರತಿ ವರ್ಷ ಸರಿಪಡಿಸುವ, ತಾಗಿದ್ದು ಅನ್ನುವ ಒಂದು ಪದವನ್ನೂ ಮರೆಯದ ಪುಸ್ತಕಕ್ಕೆ ಅದಕ್ಕಿಂತ ಕಡಿಮೆ ಕೊಡಲು ಮನಸ್ಸು ಬರುವುದಿಲ್ಲ. ಉಳಿದ ಒಂದು ಅಂಕವನ್ನು ಎಡ ಬಲಕ್ಕೂ, ಸಹಸ್ರಪದಿಗೆ ಸ್ವಂತ ಕೋಡಿಗೂ ಅಂತ ಹಿಡಿದುಕೊಂಡಿದ್ದೇನೆ. ಈ ಕೋಡುಗಳನ್ನು ಬದಲಿಸಲು ಅಲ್ಲಿ ಒಂದು ಸಮಿತಿ ಇದೆ. ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಸಭೆ ಸೇರುತ್ತದೆ. ಹೊರಗಿನವರೂ ಪ್ರಸ್ತಾವ ಕಳಿಸಬಹುದು. ನಾನು ನನ್ನದನ್ನು ಬರೆಯಲು ಶುರು ಮಾಡಿದ್ದೇನೆ. ಜರಿಗೆ ಒಂದು, ಸಹಸ್ರಪದಿಗೆ ಒಂದು. ಯಾಕೆ ಅನ್ನುವ ಕಡೆ ಮೊದಲು ಬರೆದಿರುವುದು ಮಗುವಿನ ಕಾಲಿನ ಆ ಕಂದು ಕಲೆಯ ಬಗ್ಗೆ.